ಹಳ್ಳದೊಳಗಿನ ಹನ್ನೆರಡು ಫರಸಿ

ಮೊನ್ನೆ ನಮ್ಮ ಹಳೆಯ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನು ಮಾಡಿದ್ದಳು. "ಸರ್, ನಿಮ್ಮ ಕಾಲದಲ್ಲಿ ಹಳ್ಳದ ಕಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳನ್ನು ಹೇಗೆ ಎಣಿಸುತ್ತಿದ್ದಿರಿ?" ಎಂದು ಕೇಳಿದಳು. "ತಪ್ಪಾಗಿ ಎಣಿಸುತ್ತಿದ್ದೆವು" ಎಂದೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಇಲಾಖೆಯವರು ಹೊರತಂದ ನೆನಪಿನ ಸಂಚಿಕೆಯಲ್ಲಿ ಯಾರಿಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಯಾರಿಗೆ ಶಾಲು ಹೊದಿಸಿದರು ಎಂಬುದೆಲ್ಲ ಇದೆ. ನಾವು ಎಲ್ಲಿ ತಪ್ಪಿದೆವು ಎಂಬುದು ಮಾತ್ರ ಇಲ್ಲ. ಅದನ್ನು ಬರೆಯುವ ಕೆಲಸ ಪಿಂಚಣಿ ಬರುತ್ತಿರುವವರೇ ಮಾಡಬೇಕು. ಸೇವೆಯಲ್ಲಿರುವವರಿಗೆ ಹೆಂಡತಿ ಮಕ್ಕಳಿರುತ್ತಾರೆ.

ನನ್ನ ಹೆಸರು ಗಲಗಲಿ. ಬಾಗಲಕೋಟೆ ಕಡೆಯವನು. ಕೇಂದ್ರ ಸರ್ಕಾರದ ಒಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಎಂಬತ್ತರ ದಶಕದಲ್ಲಿ ನಾಸಿಕಕ್ಕೆ ಬಂದೆ. ಮೂರು ವರ್ಷಕ್ಕೆ ವಾಪಸು ಎಂದು ಹೇಳಿ ಕಳಿಸಿದ್ದರು. ಆ ಮೂರು ವರ್ಷ ಇನ್ನೂ ಮುಗಿದಿಲ್ಲ. ನನ್ನ ಹೆಂಡತಿ ಸುಮಿತ್ರಾ ಮನೆಯಲ್ಲಿ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದಳು, ಮಗ ಅದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ, ನಾನು ಇಬ್ಬರ ನಡುವೆ ಹಿಂದಿಯಲ್ಲಿ ಸಿಟ್ಟಾಗುತ್ತಿದ್ದೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಹರಿಯುವ ಹಳ್ಳದಲ್ಲಿ ಕಾಲಿಟ್ಟಾಗ ಕಲ್ಲು ಜಾರುತ್ತದಲ್ಲ, ಆ ಜಾರುವ ಲೋಳೆಯೇ ನಮ್ಮ ಅನ್ನ. ಈಗಿನವರು ಅದನ್ನು ಬಯೋಫಿಲ್ಮ್ ಎನ್ನುತ್ತಾರೆ. ಬ್ಯಾಕ್ಟೀರಿಯಾ, ಪಾಚಿ, ಮಣ್ಣಿನ ಕಣ ಎಲ್ಲ ಸೇರಿ ಕಲ್ಲಿಗೆ ಅಂಟಿಕೊಂಡು ಸಂಸಾರ ಹೂಡಿರುತ್ತವೆ. ಮಳೆಗಾಲದಲ್ಲಿ ಹೊಲದ ಮಣ್ಣಿನ ಜೊತೆ ಬಂದವು ಹೆಚ್ಚು, ಚಳಿಗಾಲದಲ್ಲಿ ತಣ್ಣನೆಯ ನೀರು ಒಗ್ಗುವವು ಹೆಚ್ಚು, ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಬಿಸಿಯಾದಾಗ ದನದ ಸಗಣಿ, ಮನುಷ್ಯರ ಕೊಳೆಯಿಂದ ಬಂದವು ಮೇಲುಗೈ. ಹೀಗೆ ಋತು ಬದಲಾದಂತೆ ಒಂದೇ ಕಲ್ಲಿನ ಮೇಲೆ ಒಕ್ಕಲು ಬದಲಾಗುತ್ತದೆ. ಆ ಬದಲಾವಣೆಯನ್ನು ತಿಂಗಳು ತಿಂಗಳು ದಾಖಲಿಸುವುದು ನಮ್ಮ ಯೋಜನೆ.

ಈಗ ಲೋಳೆಯಿಂದ ಡಿಎನ್‌ಎ ತೆಗೆದು ಯಂತ್ರಕ್ಕೆ ಕೊಟ್ಟರೆ ಇದ್ದವರ ಹೆಸರೆಲ್ಲ ಅದೇ ಹೇಳುತ್ತದಂತೆ. ನಮಗೆ ಗಾಜಿನ ತಟ್ಟೆ, ಅದರಲ್ಲಿ ಜೀವಾಣುಗಳ ಊಟವಾಗಿ ಹೆಪ್ಪುಗಟ್ಟಿಸಿದ ಅಗರ್, ಎರಡು ದಿನ ಕಾಯುವ ತಾಳ್ಮೆ ಇಷ್ಟೇ. ತಟ್ಟೆಯಲ್ಲಿ ಬೆಳೆದ ಚುಕ್ಕೆಗಳನ್ನು ಬಣ್ಣ, ಆಕಾರ ನೋಡಿ ಎಣಿಸುವುದು. ತಟ್ಟೆಯ ಊಟ ಒಗ್ಗದೆ ಬೆಳೆಯದವು ಅದಕ್ಕಿಂತ ಎಷ್ಟೋ ಪಟ್ಟು ಇದ್ದವೆಂದು ಆಮೇಲೆ ತಿಳಿಯಿತು. ಪಂಕ್ತಿಗೆ ಕೂತವರನ್ನು ಎಣಿಸಿ ಊರಲ್ಲಿ ಇಷ್ಟೇ ಜನ ಎಂದು ಬರೆದ ಹಾಗೆ.

ಅಷ್ಟನ್ನು ಮಾಡಲೂ ಸಲಕರಣೆ ನೆಟ್ಟಗಿರಲಿಲ್ಲ. ಒಮ್ಮೆ ನಮ್ಮ ಆಟೋಕ್ಲೇವ್, ಅಂದರೆ ಒತ್ತಡದ ಉಗಿಯಲ್ಲಿ ಅಗರನ್ನು ಬೇಯಿಸಿ ನಿರ್ಜೀವಗೊಳಿಸುವ ಪಾತ್ರೆ, ಸುಟ್ಟುಹೋಯಿತು. ಅದರೊಳಗಿನ ಬಿಸಿ ಮಾಡುವ ಕಾಯಿಲು ತರಿಸುವ ಕಡತ ದಿಲ್ಲಿಗೆ ಹೋಗಿ ಅಲ್ಲೇ ನೆಂಟನಾಯಿತು. ಪಂಚವಟಿ ಕಡೆ ಉಡುಪಿಯ ಶೆಟ್ಟರೊಬ್ಬರು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಮಾದರಿ ತರುವ ನಮ್ಮ ಐಸ್ ಪೆಟ್ಟಿಗೆಗೆ ಐಸೂ ಅವರದೇ. ಅವರ ಇಡ್ಲಿ ಹಬೆಪಾತ್ರೆಯಲ್ಲಿ ಮೂರು ದಿನ ದಿನಕ್ಕೆ ಅರ್ಧ ಗಂಟೆಯಂತೆ ಬೇಯಿಸಿದರೂ ಕೆಲಸ ಆಗುತ್ತದೆ ಎಂದು ಹಳೆಯ ಪುಸ್ತಕವೊಂದರಲ್ಲಿ ಓದಿ ಸೀಸೆಗಳನ್ನು ಹೊತ್ತುಕೊಂಡು ಹೋದೆ.

ಶೆಟ್ಟರು ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಎಂತ ಸಾರ್ ಇದು, ಗಂಜಿಯಾ? ಯಾರು ತಿನ್ನುದು?"

"ಬ್ಯಾಕ್ಟೀರಿಯಾ."

"ಮೂರು ದಿನ ಬೇಯಿಸಿ ಹಾಕ್ಬೇಕಾ ಅವಕ್ಕೆ? ನಮ್ಮ ಗಿರಾಕಿಗಳು ಹತ್ತು ನಿಮಿಷ ಕಾಯುದಿಲ್ಲ ಮಾರಾಯ್ರೆ. ಸಾಂಬಾರು ಬೇಡವಾ?"

ನಾಲ್ಕು ತಿಂಗಳು ಕೇಂದ್ರ ಸರ್ಕಾರದ ಸಂಶೋಧನೆ ಇಡ್ಲಿಯ ಹಬೆಯಲ್ಲಿ ನಡೆಯಿತು. ನಿಜ ಹೇಳಬೇಕೆಂದರೆ ನಮ್ಮ ಯೋಜನೆಯಲ್ಲಿ ಯಾವ ತಪ್ಪೂ ಆಗದ ಭಾಗವೆಂದರೆ ಶೆಟ್ಟರು ಮಾಡಿದ್ದು.

ನಮ್ಮ ಮೇಲಧಿಕಾರಿ ಡಾಕ್ಟರ್ ಬರ್ವೆ. ಕೆಟ್ಟ ಮನುಷ್ಯರಲ್ಲ, ಆದರೆ ದೊಡ್ಡದೇನಾದರೂ ಕಂಡುಹಿಡಿಯದೆ ನಿವೃತ್ತನಾಗಿಬಿಟ್ಟರೆ ಎಂಬ ಭಯ ಅವರನ್ನು ತಿನ್ನುತ್ತಿತ್ತು. ಅವರು ಚಾಂದವಡ್ ಕಡೆಯ ಗುಡ್ಡದ ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಹಳ್ಳ ಆರಿಸಿದರು. ಹಳ್ಳದ ಸಹಜ ಕಲ್ಲುಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಹೋಲಿಸಲು ಬರುವುದಿಲ್ಲ. ಅದಕ್ಕೆ ನಾನು ಸಲಹೆ ಕೊಟ್ಟೆ: ನಮ್ಮ ಕಡೆಯಿಂದ ಬರುವ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕಲ್ಲನ್ನು ಒಂದೇ ಅಳತೆಗೆ ಕತ್ತರಿಸಿ ಹನ್ನೆರಡು ತುಂಡು ಹಳ್ಳದಲ್ಲಿ ಇಡೋಣ, ತಿಂಗಳಿಗೊಮ್ಮೆ ಅವುಗಳ ಮೇಲೆ ಬೆಳೆದ ಲೋಳೆಯನ್ನು ಕುದಿಸಿದ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಸೀಸೆಗೆ ತುಂಬಿಕೊಳ್ಳೋಣ. ಕಬ್ಬಿಣದ ಚೌಕಟ್ಟು ಮಾಡಿಸಿ ಹನ್ನೆರಡನ್ನೂ ಬಂಡೆಗೆ ಬಿಗಿದೆವು. ಹುಟ್ಟುನಾಡಿನ ಕಲ್ಲು ವಿಜ್ಞಾನದ ಸೇವೆಗೆ ಬಂತೆಂದು ನನಗೆ ಸಣ್ಣ ಹೆಮ್ಮೆಯೂ ಇತ್ತು.

ಅಷ್ಟು ನುಣುಪಾದ ಫರಸಿ ಹಳ್ಳದಲ್ಲಿ ಬಿದ್ದಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಯಾರದೋ ಬಚ್ಚಲಿಗೆ ಸೇರುತ್ತದೆ. ಕಾಯಲು ಒಬ್ಬರು ಬೇಕಾಯಿತು. ದಂಡೆಯ ಪಕ್ಕದ ಈರುಳ್ಳಿ ಹೊಲ ಸಖೂಬಾಯಿಯದು. ಐವತ್ತು ದಾಟಿದ ಗಟ್ಟಿ ಹೆಣ್ಣುಮಗಳು. ನಾನು ಮಾವಶಿ, ಅಂದರೆ ಚಿಕ್ಕಮ್ಮ ಎನ್ನುತ್ತಿದ್ದೆ, ಆಕೆ ನನ್ನನ್ನು ಭಾವು, ಅಂದರೆ ಅಣ್ಣ ಎನ್ನುತ್ತಿದ್ದಳು. ಆಕೆಯ ಮಾತೆಲ್ಲ ಮರಾಠಿ. ಆದರೆ ನನ್ನ ಕಿವಿಗೆ ಅದು ಗಲಗಲಿಯಲ್ಲಿದ್ದ ನಮ್ಮ ಸೋದರತ್ತೆಯ ಮಾತಿನಂತೆಯೇ ಕೇಳುತ್ತಿದ್ದರಿಂದ ಇಲ್ಲಿ ಹಾಗೆಯೇ ಬರೆಯುತ್ತೇನೆ.

"ಮಾವಶಿ, ಈ ಹನ್ನೆರಡು ಕಲ್ಲು ಸರ್ಕಾರದ್ದು. ಚೆನ್ನಾಗಿ ನೋಡಿಕೊಳ್ಳಬೇಕು. ತಿಂಗಳ ಮೊದಲನೇ ಸೋಮವಾರ ನಾವು ಬರುತ್ತೇವೆ" ಎಂದೆ.

"ನನ್ನ ಕೈಯಾಗ ಕೊಟ್ಟೀರಿ ಅಂದ ಮ್ಯಾಲ ಚಿಂತಿ ಬಿಡ್ರಿ ಭಾವು" ಎಂದಳು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಕಲ್ಲು ಯಾತಕ್ಕೆ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲೂ ಇಲ್ಲ.

ಮಾದರಿ ತರುವಾಗ ಒಂದು ಫಾರಂ ತುಂಬಬೇಕಿತ್ತು. ಗಾಳಿ, ಬಿಸಿಲು, ನೀರಿನ ಆಳ, ಹೀಗೆ ಹತ್ತಾರು ಕಾಲಂ. ಕೊನೆಯದು: 'ಕಲ್ಲುಗಳನ್ನು ಯಾರಾದರೂ ಮುಟ್ಟಿದ್ದಾರೆಯೇ?' ನಾಸಿಕ ದಾಟಿ ಹೆದ್ದಾರಿ ಸೇರುವಾಗ ಜೀಪು ಕುಲುಕುವುದು ಕಡಿಮೆಯಾಗುತ್ತಿತ್ತು. ಆ ಹೊತ್ತಿಗೆ ನಾನು ಆ ಕಾಲಂನಲ್ಲಿ 'ಯಾರೂ ಮುಟ್ಟಿಲ್ಲ' ಎಂದು ಬರೆದು ಸಹಿ ಮಾಡಿಬಿಡುತ್ತಿದ್ದೆ. ಹಳ್ಳ ಇನ್ನೂ ಗಂಟೆ ದೂರ ಇರುತ್ತಿತ್ತು. ತಿಂಗಳಿಗೊಂದರಂತೆ ಎರಡು ವರ್ಷ ಹೀಗೆ ಬರೆದೆ. ಯುವಕರೇ, ಈ ಬರಹದಲ್ಲಿ ನಿಮಗೆ ಒಂದೇ ಒಂದು ಉಪದೇಶ ಇದೆ: ಫಾರಂ ಅನ್ನು ಜೀಪಿನಲ್ಲಿ ತುಂಬಬೇಡಿ.

ಫಲಿತಾಂಶ ಬರತೊಡಗಿತು. ಮಳೆಗಾಲದ ನಾಲ್ಕು ತಿಂಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರೆ ಫರಸಿಯ ಮೇಲೆ ಲೋಳೆಯೋ ಲೋಳೆ. ತಟ್ಟೆಯಲ್ಲಿ ಮಣ್ಣಿನ ವಾಸನೆ ಬೀರುವ ಪುಡಿಪುಡಿ ಚುಕ್ಕೆಗಳು ತುಂಬಿ ಎಣಿಸಲು ಜಾಗವಿಲ್ಲ. ಕಾರ್ತಿಕ ಬಂತೆಂದರೆ ಫರಸಿ ಬೋಳು. ಬೇಸಿಗೆಯಲ್ಲಂತೂ ಕನ್ನಡಿ. ಪುಸ್ತಕಗಳೆಲ್ಲ ಇದಕ್ಕೆ ತದ್ವಿರುದ್ಧ ಹೇಳುತ್ತಿದ್ದವು: ಮಳೆಯ ರಭಸಕ್ಕೆ ಲೋಳೆ ಕೊಚ್ಚಿಹೋಗಬೇಕು, ಸದ್ದಿಲ್ಲದೆ ಹರಿಯುವ ಚಳಿ ಬೇಸಿಗೆಯಲ್ಲಿ ದಪ್ಪವಾಗಬೇಕು.

"ಪುಸ್ತಕ ಬರೆದವರು ನಮ್ಮ ದಖನಿನ ಹಳ್ಳ ನೋಡಿದ್ದಾರೆಯೇ ಗಲಗಲಿ?" ಎಂದರು ಬರ್ವೆ ಸಾಹೇಬರು. ನೋಡಿರಲಿಲ್ಲ. ನೋಡದೆ ಇರುವುದೇ ಅವರ ತಪ್ಪೆಂದು ತೀರ್ಮಾನವಾಯಿತು.

ಇನ್ನೂ ಎರಡು ಸಂಗತಿ ಸೇರಿಕೊಂಡವು. ಬೇಸಿಗೆಯಲ್ಲಿ ಫರಸಿಯಿಂದ ಕೆರೆದ ನೀರಿನಲ್ಲಿ ಕೆಂಪು ಲಿಟ್ಮಸ್ ಕಾಗದ ಅದ್ದಿದರೆ ನೀಲಿಯಾಗುತ್ತಿತ್ತು, ಅಂದರೆ ಕ್ಷಾರ. ಬಿಸಿಲಿಗೆ ಕಾದ ಕಪ್ಪು ಬಂಡೆಯಿಂದ ಕ್ಷಾರ ಒಸರಿ ಜೀವಾಣುಗಳನ್ನು ಕೊಲ್ಲುತ್ತದೆ, ಇದು ದಖನಿನ ಹಳ್ಳಗಳ ಸ್ವಯಂ ಶುದ್ಧೀಕರಣ ಶಕ್ತಿ ಎಂದು ಸಾಹೇಬರು ಬರೆದರು. ಎರಡನೆಯದು, ಮಳೆಗಾಲ ಕಳೆದ ಮೇಲಿನ ತಟ್ಟೆಗಳಲ್ಲಿ ಮಾತ್ರ, ಬೇಸಿಗೆಯಲ್ಲಿ ಹೆಚ್ಚಾಗಿ, ಬಂಗಾರದ ಬಣ್ಣದ, ದುಂಡನೆಯ, ಗುಂಡುಪಿನ್ನಿನ ತಲೆಯಷ್ಟು ಚುಕ್ಕೆಗಳು ಬೆಳೆಯುತ್ತಿದ್ದವು. ಕ್ಷಾರವನ್ನೂ ಗೆದ್ದು ಬಾಳುವ ಈ ವೀರ ಜೀವಾಣುವಿಗೆ ಅವರು 'ಗ್ರೀಷ್ಮವಾಸಿ' ಎಂದು ಹೆಸರಿಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವರು ನಾವೆಲ್ಲ. ಕರುವಿಗೆ ಹೆಸರಿಡುವ ಸಮಾರಂಭದಲ್ಲಿ ಚಪ್ಪಾಳೆಯನ್ನೂ ತಟ್ಟಿದೆವು.

ಇಷ್ಟಕ್ಕೇ ನಿಂತಿದ್ದರೆ ನಗೆಪಾಟಲಾಗಿ ಮುಗಿಯುತ್ತಿತ್ತು. ಆದರೆ ವಿಷಯ ತಾಲೂಕು ಕಚೇರಿಗೆ ಮುಟ್ಟಿತು. ಆ ಹಳ್ಳದಿಂದ ಸಖೂಬಾಯಿಯ ಊರಿಗೆ ಕುಡಿಯುವ ನೀರಿನ ನಲ್ಲಿ ಹಾಕುವ ಯೋಜನೆಯೊಂದು ತಯಾರಾಗುತ್ತಿತ್ತು. ನಡುವೆ ಮರಳಿನ ಶೋಧಕ ಕಟ್ಟಬೇಕು, ಬ್ಲೀಚಿಂಗ್ ಪೌಡರ್ ಹಾಕಬೇಕು ಎಂದಿತ್ತು. ಬೇಸಿಗೆಯಲ್ಲಿ ಹಳ್ಳ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆಂದು ಕೇಂದ್ರ ಸರ್ಕಾರದ ವಿಜ್ಞಾನಿಗಳೇ ಹೇಳಿದ ಮೇಲೆ ಶೋಧಕ ಯಾಕೆ? ಅದನ್ನು ಕೈಬಿಟ್ಟು ನೇರ ಪೈಪು ಹಾಕಲು ಕಡತ ಸಿದ್ಧವಾಯಿತು. ದಿಲ್ಲಿಯ ಹಿರಿಯ ಅಧಿಕಾರಿಯೊಬ್ಬರು ಬಂದು ಹಳ್ಳ ನೋಡಿ ಒಪ್ಪಿಗೆಯ ಮಾತು ಹೇಳಿದರೆ ಆಯಿತು. ಅವರು ಬರುವುದು ಮೇ ತಿಂಗಳ ಮೊದಲ ಸೋಮವಾರ ಎಂದು ಗೊತ್ತಾಯಿತು.

ಅದಕ್ಕೆ ಆರು ದಿನ ಮುಂಚೆ ಜೀಪು ಇಳಿಯುವ ದಾರಿ ಸರಿಯಿದೆಯೇ ನೋಡಿ ಬಾ ಎಂದು ಸಾಹೇಬರು ನನ್ನನ್ನು ಕಳಿಸಿದರು. ಮೊದಲ ಸೋಮವಾರ ಬಿಟ್ಟು ಬೇರೆ ದಿನ ನಾನು ಆ ಹಳ್ಳಕ್ಕೆ ಹೋದದ್ದು ಅದೇ ಮೊದಲು.

ನೀರಿಗೆ ಇಳಿದೆ. ಫರಸಿಯ ಮೇಲೆ ಕೈಯಿಟ್ಟೆ. ಕೈ ಜಾರಿತು. ಹನ್ನೆರಡರ ಮೇಲೂ ಬೆರಳಿನಲ್ಲಿ ಗೀರು ಎಳೆಯಬಹುದಾದಷ್ಟು ಹಸಿರುಗಂದು ಲೋಳೆ. ನಡು ಬೇಸಿಗೆ, ಸ್ವಯಂ ಶುದ್ಧೀಕರಣದ ಉತ್ತುಂಗ! ಹನ್ನೆರಡನ್ನೂ ಮತ್ತೊಮ್ಮೆ ಮುಟ್ಟಿ ನೋಡಿದೆ.

ದಂಡೆಯ ಮೇಲಿಂದ ಸಖೂಬಾಯಿ ನೋಡಿದವಳು ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಆಕೆಯ ಮುಖದಲ್ಲಿ ನನಗಿಂತ ಹೆಚ್ಚು ಗಾಬರಿ. "ಅಯ್ಯೋ ಭಾವು, ಇವತ್ತ ಯಾಕ ಬಂದ್ರಿ? ಸೋಮವಾರ ಅಲ್ಲೇನು ಬರೂದು? ಇನ್ನೂ ತಿಕ್ಕಿಲ್ಲಲ್ಲ ನಾನು!"

"ಏನು ತಿಕ್ಕುವುದು ಮಾವಶಿ?"

"ಕಲ್ಲರಿ. ಪ್ರತಿ ಸರತಿ ನೀವು ಬರೂ ಹಿಂದಿನ ದಿನಾ ಸಂಜಿಕ ಬೂದಿ ಹಾಕಿ ತೆಂಗಿನ ನಾರಿಲೆ ತಿಕ್ಕಿ ಇಡತೀನಿ. ಬೆಳಿಗ್ಗೆ ಜೀಪು ಬರೂ ಮೊದಲ ಮತ್ತೊಮ್ಮಿ ಬೂದಿ ಹಚ್ಚಿ ಅಂಗೈಲೆ ಒರಸತೀನಿ. ಮಳಿಗಾಲದಾಗ ಮಾತ್ರ ಹಳ್ಳ ತುಂಬಿರತೈತಿ, ಇಳಿಯಾಕ ಆಗಂಗಿಲ್ಲ. ಆಗ ನಿಮಗ ಹೊಲಸು ಕಲ್ಲು ತೋರಸಾಕ ನನಗ ನಾಚಿಕಿ ಬರತಿತ್ತು. ನೀವು ಒಳ್ಳೇವ್ರು, ಒಂದು ಮಾತು ಅನ್ನಲಿಲ್ಲ."

ನಾನು ನೀರಿನಲ್ಲೇ ಒಂದು ಬಂಡೆಯ ಮೇಲೆ ಕುಳಿತುಬಿಟ್ಟೆ. ಬಂಡೆಯಿಂದ ಒಸರಿದ ಕ್ಷಾರ, ಆಕೆಯ ಒಲೆಯ ಬೂದಿ. ಎರಡು ವರ್ಷದ ಋತುಚಕ್ರದಲ್ಲಿ ನಾವು ಅಳೆದದ್ದು ಒಬ್ಬ ಹೆಣ್ಣುಮಗಳ ಮರ್ಯಾದೆಯನ್ನು.

ಬಂಗಾರದ ಚುಕ್ಕೆಯ ನೆನಪಾಯಿತು. ಚೀಲದಲ್ಲಿ ಒಂದು ಅಗರ್ ತಟ್ಟೆ ಇತ್ತು. ಮುಚ್ಚಳ ತೆಗೆದು, "ಮಾವಶಿ, ಹಾಜರಿ ಪುಸ್ತಕದಲ್ಲಿ ಒತ್ತುವ ಹಾಗೆ ಇಲ್ಲೊಂದು ಹೆಬ್ಬೆಟ್ಟು ಒತ್ತಿ" ಎಂದೆ. ಆಕೆ ಅಂಜುತ್ತ ಒತ್ತಿದಳು. ಎರಡು ದಿನದ ಮೇಲೆ ನಾಸಿಕದಲ್ಲಿ ತಟ್ಟೆ ತೆಗೆದು ನೋಡಿದರೆ ಹೆಬ್ಬೆಟ್ಟಿನ ಆಕಾರದಲ್ಲೇ ಸಾಲುಸಾಲಾಗಿ ಬಂಗಾರದ ದುಂಡನೆಯ ಚುಕ್ಕೆಗಳು. ಗ್ರೀಷ್ಮವಾಸಿ ಸಖೂಬಾಯಿಯ ಅಂಗೈವಾಸಿಯಾಗಿತ್ತು. ಅಂದೇ ಕೆರೆದು ತಂದ ಲೋಳೆಯ ತಟ್ಟೆಯಲ್ಲಿ ಬೇರೆಯೇ ಕಥೆ: ಸಗಣಿ ಮತ್ತು ಹೊಲಸಿನಿಂದ ಬರುವ ಜೀವಾಣುಗಳು ಲೋಹದಂಥ ಹಸಿರು ಹೊಳಪಿನಲ್ಲಿ ತುಂಬಿಕೊಂಡಿದ್ದವು. ಆ ನೀರನ್ನು ಸೋಸದೆ ನಲ್ಲಿಗೆ ಬಿಟ್ಟರೆ ಊರಿಗೆ ಊರೇ ವಾಂತಿಭೇದಿ ಹಿಡಿದು ಮಲಗುವುದು ಖಂಡಿತ.

ಎರಡೂ ತಟ್ಟೆಗಳನ್ನು ಬರ್ವೆ ಸಾಹೇಬರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕನ್ನಡಕ ಒರೆಸುತ್ತ, "ಇದು ಯಾರಿಗೆ ಗೊತ್ತು?" ಎಂದರು.

"ನನಗೆ, ಸಖೂಬಾಯಿಗೆ. ಈಗ ತಮಗೆ."

"ಆಕೆ ಬಂದು ಹೇಳುವುದಿಲ್ಲ. ನಾನು ಹೇಳುವುದಿಲ್ಲ. ನೀವು ಹೇಳಿದರೆ ಇಪ್ಪತ್ತನಾಲ್ಕು ಫಾರಂಗಳ ಮೇಲೆ 'ಯಾರೂ ಮುಟ್ಟಿಲ್ಲ' ಎಂಬ ಸಹಿ ಇದೆ ಗಲಗಲಿ. ಅದು ನನ್ನದಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನನ್ನ ಕೈ ಜೇಬಿನ ಪೆನ್ನಿಗೆ ಹೋಯಿತು. ತಪ್ಪು ಸಿದ್ಧಾಂತ ಸಾಹೇಬರದು, ಸುಳ್ಳು ಸಹಿ ನನ್ನದು. ಹೇಳಿದರೆ ಅವರ ಹೆಸರು ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಊರಿನ ಹೊಟ್ಟೆ ಕೆಡುತ್ತದೆ.

ಮನೆಗೆ ಬಂದು ಸುಮಿತ್ರಾಗೆ ಹೇಳಿದೆ. ನಡುನಡುವೆ, "ಎಂಥಾ ದಡ್ಡ ಹೆಂಗಸು, ಫರಸಿ ತಿಕ್ಕಿ ಕೂತಿದ್ದಾಳೆ" ಎಂದುಬಿಟ್ಟೆ.

ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. "ಅಲ್ರಿ, ಮಂದಿ ಇಟ್ಟುಕೋ ಅಂತ ಕೊಟ್ಟ ಭಾಂಡೆ ಹಂಗs ಹೊಲಸ ತಿರುಗಿ ಕೊಡತಾರೇನು ಯಾರರೆ? ಬೆಳಗಿ ಕೊಡತಾರ. ಅಕಿ ಅದನ್ನs ಮಾಡ್ಯಾಳ. ಹೊಲಸs ಬೇಕು ಅಂತ ನೀವು ಒಂದು ಮಾತು ಹೇಳಿದ್ರೇನು ಅಕಿಗೆ?"

"ಇಲ್ಲ."

"ಮತ್ತ ದಡ್ಡರು ಯಾರು?"

ನಾನು ಮೊರದಿಂದ ಬಿದ್ದ ಅಕ್ಕಿ ಹೆಕ್ಕತೊಡಗಿದೆ.

"ಆ ನಳದ ನೀರು ನಮ್ಮ ಮನೀಗೆ ಬರೂದಿದ್ರ ಹಿಂಗs ಸುಮ್ಮನ ಕುಂಡ್ರತಿದ್ರೇನು?" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಅಷ್ಟು ಹೊತ್ತು ಅವಳು ಆರಿಸಿದ ಅಕ್ಕಿಯಲ್ಲಿ ಒಂದೇ ಕಲ್ಲು ಉಳಿದಿತ್ತು, ಅದು ನಾನು.

ಶನಿವಾರ ರಜೆ ಹಾಕಿ ಎಸ್‌ಟಿ ಬಸ್ಸಿನಲ್ಲಿ ಚಾಂದವಡ್‌ಗೆ ಹೋಗಿ ಅಲ್ಲಿಂದ ನಡೆದೆ. ಸಖೂಬಾಯಿಯನ್ನು ದಂಡೆಯ ಮೇಲೆ ಕೂರಿಸಿಕೊಂಡು ಲೋಳೆ ಎಂದರೇನು, ಅದರಲ್ಲಿ ಏನಿರುತ್ತದೆ, ನಮಗೆ ಅದು ಯಾಕೆ ಬೇಕು ಎಂದು ಎರಡು ವರ್ಷದ ಹಿಂದೆ ಹೇಳಬೇಕಾದದ್ದನ್ನು ಹೇಳಿದೆ. ಈ ಸಲ ತಿಕ್ಕಬೇಡಿ ಎಂದೆ.

ಆಕೆ ಎದ್ದು ನಿಂತುಬಿಟ್ಟಳು. "ದಿಲ್ಲಿ ಸಾಹೇಬ ಬರೂ ದಿನಾನs ಹೊಲಸ ಇಡಲೇನು? ಸಖೂ ಎರಡು ವರ್ಷ ಹಿಂಗs ಇಟ್ಟಿದ್ಲು ಅಂತ ತಿಳಕೊಳ್ಳಲೇನು ಅವರು? ಆಗಂಗಿಲ್ಲ."

ಬಹಳ ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ಆಕೆಯೇ ದಾರಿ ಹುಡುಕಿದಳು. "ಆರು ನಿಮ್ಮವು, ಆರು ನನ್ನವು. ನಿಮ್ಮ ಆರು ನಾನು ಮುಟ್ಟೂದಿಲ್ಲ. ನನ್ನ ಆರು ಬೆಳಗೂದು ನೀವು ಬಿಡಸಬ್ಯಾಡ್ರಿ."

ವಿಜ್ಞಾನದಲ್ಲಿ ಇದನ್ನು ಹೋಲಿಕೆಯ ಪ್ರಯೋಗ ಎನ್ನುತ್ತಾರೆ: ಅರ್ಧಕ್ಕೆ ಕೈ ಹಚ್ಚಿ, ಅರ್ಧ ಹಾಗೇ ಬಿಟ್ಟು, ಎರಡನ್ನೂ ಪಕ್ಕಪಕ್ಕ ನೋಡುವುದು. ಇಡೀ ಯೋಜನೆಯಲ್ಲಿ ಇದು ಬರ್ವೆ ಸಾಹೇಬರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹೊರಡುವಾಗ ಆಕೆ ಒಂದು ಹಿತ್ತಾಳೆ ಡಬ್ಬಿ ತುಂಬ ಹುರಿದ ಶೇಂಗಾ ಕೊಟ್ಟಳು, ಬಿಸಿಲಿನಲ್ಲಿ ನಡೆದು ಬಂದಿದ್ದೀರಿ ಎಂದು.

ಸೋಮವಾರ ಮೂರು ಜೀಪು ಬಂದವು. ದಿಲ್ಲಿಯ ಅಧಿಕಾರಿ ಎತ್ತರದ, ನಿಧಾನ ಮಾತಿನ ಮನುಷ್ಯ. ಪ್ಯಾಂಟು ಮಡಚಿ ನೀರಿಗೆ ಇಳಿದೇಬಿಟ್ಟರು. ಬರ್ವೆ ಸಾಹೇಬರು ಹಿಂದೆ ಇಳಿದು, ಫರಸಿಗಳನ್ನು ನೋಡಿ ಮಾತು ನಿಲ್ಲಿಸಿದರು. ಎಡಕ್ಕೆ ಆರು ಫಳಫಳ, ಬಲಕ್ಕೆ ಆರು ಲೋಳೆ.

"ಇದೇನು ಹೀಗೆ?" ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು.

ಯಾರೂ ಕೇಳದಿದ್ದರೂ ಸಖೂಬಾಯಿ ದಂಡೆಯ ಮೇಲಿಂದ ಉತ್ತರ ಕೊಟ್ಟಳು, ಗಟ್ಟಿ ಮರಾಠಿಯಲ್ಲಿ, ಉಸಿರು ತೆಗೆಯದೆ. ಅಧಿಕಾರಿಗೆ ಅರ್ಥವಾಗಲಿಲ್ಲ. ಬರ್ವೆ ಸಾಹೇಬರ ಕಡೆ ತಿರುಗಿದರು.

"ನದಿ ತಾಯಿಯ ಕೃಪೆಯಿಂದ ನೀರು ಶುದ್ಧವಾಗಿದೆ ಎನ್ನುತ್ತಿದ್ದಾಳೆ" ಎಂದರು ಬರ್ವೆ.

"ಅಷ್ಟು ಉದ್ದ ಮಾತಿಗೆ ಇಷ್ಟೇ ಅರ್ಥವೇ?" ಅಧಿಕಾರಿ ಸೀಸೆ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. "ನೀವು ಹೇಳಿ. ಆಕೆ ಏನಂದಳು?"

ಒಬ್ಬ ಮರಾಠಿ ಹೆಂಗಸಿನ ಮಾತನ್ನು ಒಬ್ಬ ಹಿಂದಿ ಸಾಹೇಬನಿಗೆ ಹೇಳಲು ಒಬ್ಬ ಕನ್ನಡದವನು ಬೇಕಾಯಿತು. ಕೈಯಲ್ಲಿ ಆ ತಿಂಗಳ ಫಾರಂ ಇತ್ತು. ಅಂದು ಕೊನೆಯ ಕಾಲಂ ಖಾಲಿ ಬಿಟ್ಟಿದ್ದೆ.

"ಎಡಗಡೆಯವನ್ನು ನಾನು ಬೂದಿ ಹಾಕಿ ತಿಕ್ಕಿದ್ದೇನೆ, ಎರಡು ವರ್ಷದಿಂದ ಎಲ್ಲವನ್ನೂ ತಿಕ್ಕುತ್ತಿದ್ದೆ, ಬಲಗಡೆಯವು ಈ ಹಳ್ಳ ನಿಜವಾಗಿ ಇರುವ ಹಾಗೆ ಇವೆ ಎನ್ನುತ್ತಿದ್ದಾಳೆ. ಬೇಸಿಗೆಯಲ್ಲಿ ಈ ಹಳ್ಳ ಹೊಲಸಾಗುವುದು ಊರಿನ ಕೂಸಿಗೂ ಗೊತ್ತು, ಹೋದ ವರ್ಷ ನನ್ನ ನೆಗೆಣ್ಣಿ ಇದೇ ಲೋಳೆಯಲ್ಲಿ ಜಾರಿ ಸೊಂಟ ಮುರಿದುಕೊಂಡಳು, ನಮ್ಮನ್ನು ಯಾರೂ ಕೇಳಲಿಲ್ಲ ಎನ್ನುತ್ತಿದ್ದಾಳೆ." ಒಂದು ಉಸಿರು ತೆಗೆದುಕೊಂಡು ನನ್ನದನ್ನೂ ಸೇರಿಸಿದೆ: "ಯಾರೂ ಮುಟ್ಟಿಲ್ಲ ಎಂದು ಪ್ರತಿ ತಿಂಗಳು ಬರೆದವನು ನಾನು, ಸರ್. ನೋಡದೆ ಬರೆದೆ."

ಅಧಿಕಾರಿ ಬಗ್ಗಿ ಬಲಗಡೆಯ ಫರಸಿಯ ಮೇಲೆ ಬೆರಳಾಡಿಸಿ, ಮೂಸಿ ನೋಡಿ, ಮುಖ ಕಿವುಚಿದರು. "ಶೋಧಕ ಕಟ್ಟಲಿ" ಎಂದಷ್ಟೇ ಹೇಳಿ ದಂಡೆ ಹತ್ತಿದರು. ಎರಡು ವರ್ಷದ ಸಂಶೋಧನೆಗಿಂತ ಆ ಒಂದು ಮೂಸುವಿಕೆಗೆ ಬೆಲೆ ಹೆಚ್ಚು ಬಂತು.

ಕೆಲಸ ಹೋಗಲಿಲ್ಲ. ಸರ್ಕಾರದಲ್ಲಿ ನಿಜ ಹೇಳಿದವರನ್ನು ತೆಗೆಯುವುದಿಲ್ಲ, ಸಾಗಿಸುತ್ತಾರೆ. ಒಂದು ಲಿಖಿತ ಎಚ್ಚರಿಕೆಯ ಜೊತೆ ನನ್ನನ್ನು ಔರಂಗಾಬಾದಿಗೆ, ಇಂದಿನ ಛತ್ರಪತಿ ಸಂಭಾಜಿನಗರಕ್ಕೆ ವರ್ಗ ಮಾಡಿದರು. ಅಲ್ಲಿ ಹಳ್ಳವೂ ಇಲ್ಲ, ಲೋಳೆಯೂ ಇಲ್ಲ. ಗಂಗಾಪುರ ಕಡೆಯ ಕೊಳವೆಬಾವಿಗಳಿಂದ ಬರುವ ಸೀಸೆಗಳಿಗೆ ಚೀಟಿ ಅಂಟಿಸುವುದು. ಬರ್ವೆ ಸಾಹೇಬರು ಅಂತಿಮ ವರದಿಯನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆದು ನಿವೃತ್ತರಾದರು: 'ಸ್ಥಳೀಯ ಅಂಶವೊಂದರ ಪ್ರಭಾವದಿಂದ ಋತುಮಾನದ ಏರಿಳಿತ ಸ್ಪಷ್ಟವಾಗಲಿಲ್ಲ.' ಸಖೂಬಾಯಿಗೆ ಕೇಂದ್ರ ಸರ್ಕಾರ ಕೊಟ್ಟ ಬಿರುದು ಅದು, ಸ್ಥಳೀಯ ಅಂಶ. ಯೋಜನೆ ಮುಚ್ಚಿತು. ಆಕೆಗೆ ಅದನ್ನು ತಿಳಿಸಬೇಕೆಂದು ಮತ್ತೆ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆ, ಸುಮಿತ್ರಾಳಿಗೆ ಯೇವಲಾದಲ್ಲಿ ತಂಗಿಯ ಜೊತೆ ಪೈಠಣಿ ಸೀರೆ ನೋಡುವುದಿತ್ತು. ಅವಳು ಹಿಂದಿನ ದಿನವೇ ಹಿತ್ತಾಳೆ ಡಬ್ಬಿಯೊಂದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಶೇಂಗಾ ಉಂಡಿ ತುಂಬಿ ನನ್ನ ಮುಂದೆ ಇಟ್ಟಳು. "ಆ ಚಾಂದವಡ್ ಬಾಯಾರ ಡಬ್ಬಿರಿ ಇದು. ಎಷ್ಟು ವರ್ಷಾತು ನಮ್ಮ ಮನ್ಯಾಗ ಕುಂತು. ನಾವು ಸೀರಿ ನೋಡೂತನಕ ಹೋಗಿ ಕೊಟ್ಟು ಬರ್ರಿ."

ಸಖೂಬಾಯಿಯ ಊರಿನ ತುದಿಯಲ್ಲಿ ಮರಳಿನ ಶೋಧಕದ ತೊಟ್ಟಿ ಕಂಡಿತು. ಪಕ್ಕದ ನಲ್ಲಿಯಲ್ಲಿ ಹೆಂಗಸರು ನೀರು ಹಿಡಿಯುತ್ತಿದ್ದರು. ಆಕೆ ಹೊಲದಲ್ಲಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದವಳೇ ಸಿಟ್ಟಿನಿಂದ, "ಇಷ್ಟು ದಿನಾ ಎಲ್ಲಿ ಹೋಗಿದ್ರಿ ಭಾವು? ಒಂದು ಸೋಮವಾರಾನೂ ಬರಲಿಲ್ಲ. ನನಗೂ ವಯಸ್ಸಾತು. ಬರ್ರಿ, ನಿಮ್ಮವು ನೋಡಿಕೋರಿ" ಎಂದು ಹಳ್ಳಕ್ಕೆ ಕರೆದುಕೊಂಡು ಹೋದಳು.

ಚೌಕಟ್ಟು ತುಕ್ಕು ಹಿಡಿದಿತ್ತು. ಎಡಗಡೆಯ ಆರು ಫರಸಿ ಬೆಳಗಿದ ಹಾಗೆ ಹೊಳೆಯುತ್ತಿದ್ದವು. ಬಲಗಡೆಯ ಆರರ ಮೇಲೆ ಲೋಳೆ ಕಲಸಿದ ಗೋದಿ ಹಿಟ್ಟಿನಂತೆ ದಪ್ಪಗೆ ಕೂತಿತ್ತು, ಪದರದ ಮೇಲೆ ಪದರ.

"ಬಟ್ಟಿ ಒಗ್ಯಾಕ ಬರೂ ಹೆಂಗಸರ ಕೂಡ ನಾ ಎಷ್ಟು ಜಗಳಾ ಆಡೀನಿ ಕೇಳ್ರಿ ಊರಾಗ. ನಿಮ್ಮ ಆರು ಯಾರಿಗೂ ಮುಟ್ಟಾಕ ಕೊಟ್ಟಿಲ್ಲ. ನಾನೂ ಮುಟ್ಟಿಲ್ಲ. ತಗೊಂಡು ಹೋಗ್ರಿ ನಿಮ್ಮ ಲೋಳಿ."

ಹಾಜರಿ ಪುಸ್ತಕ ಮುಚ್ಚಿ ಎಷ್ಟೋ ವರ್ಷವಾಗಿತ್ತು ಎಂದು ಹೇಳಬೇಕಿತ್ತು. ಅದರ ಬದಲು ಸೀಸೆಯನ್ನೂ ತಂದಿಲ್ಲ ಎಂದೆ. ಆಕೆ ಉಂಡಿಗಳನ್ನು ಸೆರಗಿಗೆ ಸುರಿದುಕೊಂಡು ಖಾಲಿ ಡಬ್ಬಿ ನನ್ನ ಕೈಗೆ ಕೊಟ್ಟಳು. "ಖಾಲಿ ಕಳಸೂ ರೂಢಿ ನಮ್ಮಲ್ಲೂ ಇಲ್ಲ. ಇದರಾಗ ತುಂಬಕೋರಿ" ಎಂದಳು. ಡಬ್ಬಿಯ ಮುಚ್ಚಳದ ಅಂಚಿನಿಂದ ನಾನೇ ಕೆರೆದು ತುಂಬಿಕೊಂಡೆ. ಅಲ್ಲೇ ಕೂತು ಯೋಜನೆ ಮುಗಿದದ್ದನ್ನೂ ಹೇಳಿದೆ. ಆಕೆ ಉಂಡಿ ಮುರಿದು ಅರ್ಧ ನನಗೆ ಕೊಟ್ಟು, "ನಿಮ್ಮದು ಮುಗದಿರಬೇಕು. ನಾ ಕಾಯತೀನಿ ಅಂದಿದ್ದೆ, ಕಾಯ್ದೆ" ಎಂದಳು.

ಉಂಡಿ ತುಂಬಿ ಕೊಟ್ಟ ಡಬ್ಬಿಯಲ್ಲಿ ವಾಪಸು ಏನು ಬಂತೆಂದು ಸುಮಿತ್ರಾ ಮುಚ್ಚಳ ತೆಗೆದು ನೋಡಿ ಯೇವಲಾ ಬಸ್ ನಿಲ್ದಾಣದಲ್ಲಿ ಕೂಗಿದ್ದು ಬೇರೆ ಕಥೆ.

ಔರಂಗಾಬಾದಿನಲ್ಲಿ ಯಾರಿಗೂ ಹೇಳದೆ ಅದನ್ನು ಅಗರ್ ತಟ್ಟೆಗಳಿಗೆ ಹಾಕಿದೆ. ಮೂರನೆಯ ದಿನ ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದೆ. ಮಣ್ಣಿನವು ಇದ್ದವು, ಚಳಿಯ ಹಳದಿ ಚಪ್ಪಟೆಯವು ಇದ್ದವು, ಹಸಿರು ಹೊಳಪಿನವು ಇದ್ದವು. ನನಗೆ ಹೆಸರು ಗೊತ್ತಿಲ್ಲದ ಎಷ್ಟೋ ಇದ್ದವು. ಬಂಗಾರದ ಬಣ್ಣದ ದುಂಡನೆಯ ಚುಕ್ಕೆಗಾಗಿ ಎಲ್ಲ ತಟ್ಟೆಗಳನ್ನೂ ಎರಡೆರಡು ಸಲ ಹುಡುಕಿದೆ. ಒಂದೂ ಇರಲಿಲ್ಲ.

ಕಪಾಟಿನ ತಳದಲ್ಲಿ ಹಳೆಯ ಯೋಜನೆಯ ಒಂದು ಖಾಲಿ ಫಾರಂ ಉಳಿದಿತ್ತು. ಉಳಿದ ಕಾಲಂಗಳನ್ನು ಬಿಟ್ಟು ಕೊನೆಯದರಲ್ಲಿ 'ಯಾರೂ ಮುಟ್ಟಿಲ್ಲ' ಎಂದು ಬರೆದು ಸಹಿ ಮಾಡಿದೆ. ನನ್ನ ಇಡೀ ಸೇವೆಯಲ್ಲಿ ನೋಡಿ ಬರೆದ 'ಯಾರೂ ಮುಟ್ಟಿಲ್ಲ' ಅದೊಂದೇ. ಕಳಿಸಲು ಆ ಯೋಜನೆಗೆ ಮೇಲಧಿಕಾರಿ ಯಾರೂ ಇರಲಿಲ್ಲ, ಹಾಗಾಗಿ ಅದು ಇನ್ನೂ ನನ್ನ ಬಳಿಯೇ ಇದೆ.